ಮಿನಿಮೂಗ್ ಮಾಡೆಲ್ ಡಿ ಸಿಂತ್‌ನ (ಎಲೆಕ್ಟ್ರಾನಿಕ್ ಕೀಬೋರ್ಡ್ ವಾದ್ಯ) ಫಿಲ್ಟರ್ ಜ್ಯಾಕ್‌ಗೆ ಎಕ್ಸ್‌ಪ್ರೆಶನ್ ಪೆಡಲ್ (ತುಳಿದು ಸದ್ದು ಬದಲಿಸುವುದು) ಹಾಕಿದರೂ ಕಟ್‌ಆಫ್ (ಫಿಲ್ಟರ್ ಸದ್ದನ್ನು ಎಲ್ಲಿಂದ ಕತ್ತರಿಸಬೇಕು ಎನ್ನುವ ಮಟ್ಟ) ಅಲುಗಾಡುತ್ತಿಲ್ಲ ಅಂದಿದ್ದೀರಲ್ಲ, ಅದಕ್ಕೆ

ಪೆಡಲ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಆ ಜ್ಯಾಕ್ ಹೊರಗಿನಿಂದ ವೋಲ್ಟೇಜ್ ಬರಲಿ ಅಂತ ಕಾಯುತ್ತದೆ. ಈಗಿನ ಎಕ್ಸ್‌ಪ್ರೆಶನ್ ಪೆಡಲ್ ಒಳಗೆ ಇರುವುದು ಬರೀ ಒಂದು ಪಾಟ್ (ತುಳಿದಂತೆ ರೋಧ ಬದಲಾಗುವ ಭಾಗ), ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ನಾನೂ ಒಮ್ಮೆ ಇದು ತಿಳಿಯದೆ ಒಳ್ಳೆಯ ಪೆಡಲನ್ನು ಸುಮ್ನೆ ಬಿಚ್ಚಿ ಹಾಕಿದ್ದೆ.

ಮೊದಲು ಮಲ್ಟಿಮೀಟರ್ ಹಿಡಿಯಿರಿ. ಪ್ಲಗ್‌ನ ಬುಡ ಗ್ರೌಂಡ್. ಪೆಡಲ್ ತುಳಿಯುತ್ತಾ ಬುಡಕ್ಕೂ ತುದಿಗೂ, ಆಮೇಲೆ ಬುಡಕ್ಕೂ ನಡುವಿನ ಉಂಗುರಕ್ಕೂ ಓಮ್ ನೋಡಿ. ಎಲ್ಲಿ ಅಂಕಿ ಬದಲಾಗುವುದಿಲ್ಲವೋ ಅದು ಪಾಟ್‌ನ ಇನ್ನೊಂದು ಕೊನೆ. ಬದಲಾಗುವುದು ವೈಪರ್, ಅಂದರೆ ಪಾಟ್‌ನಲ್ಲಿ ಸರಿದಾಡುವ ನಡುವಿನ ತುದಿ. ಇದು ಕಂಪನಿಯಿಂದ ಕಂಪನಿಗೆ ಅದಲು ಬದಲು ಆಗಿರುತ್ತದೆ. ನಿಮ್ಮದು ಯಾವ ಜಾತಿಯೋ ಗೊತ್ತಿಲ್ಲ, ಹಾಗಾಗಿ ಅಳೆದೇ ನೋಡಿ.

ಆಮೇಲೆ ಒಂದು ಚಿಕ್ಕ ಡಬ್ಬಿಯಲ್ಲಿ ಸ್ಟೀರಿಯೋ ಜ್ಯಾಕ್, ಮೋನೋ ಜ್ಯಾಕ್, 9 ವೋಲ್ಟ್ ಬ್ಯಾಟರಿ ಕೂರಿಸಿ. ಪೆಡಲ್ ಸ್ಟೀರಿಯೋ ಜ್ಯಾಕ್‌ಗೆ, ಸಿಂತ್ ಮೋನೋ ಜ್ಯಾಕ್‌ಗೆ. ಬ್ಯಾಟರಿಯ ಪ್ಲಸ್‌ನಿಂದ 8.2 ಕಿಲೋ ಓಮ್ ರೆಸಿಸ್ಟರ್ ಮೂಲಕ ಸ್ಟೀರಿಯೋ ಜ್ಯಾಕ್‌ನಲ್ಲಿ ಆ ಬದಲಾಗದ ಕೊನೆಗೆ ತಾಗುವ ಕಾಲಿಗೆ. ಮೈನಸ್ ಎರಡೂ ಜ್ಯಾಕ್‌ಗಳ ಬುಡಕ್ಕೆ. ವೈಪರ್ ಮೋನೋ ಜ್ಯಾಕ್‌ನ ತುದಿಗೆ. ಪಾಟ್ 10 ಕಿಲೋ ಓಮ್ ಆಗಿದ್ದರೆ 0ಯಿಂದ ಸುಮಾರು 5 ವೋಲ್ಟ್ ಸಿಗುತ್ತದೆ. 50 ಕಿಲೋ ಆಗಿದ್ದರೆ ರೆಸಿಸ್ಟರ್ 39 ಕಿಲೋ ಹಾಕಿ, ಇಲ್ಲದಿದ್ದರೆ ವೋಲ್ಟೇಜ್ ಜಾಸ್ತಿ ಆಗುತ್ತದೆ. ರೆಸಿಸ್ಟರ್ ಬಿಡಲೇಬೇಡಿ. ತಂತಿ ತಪ್ಪಿದರೂ ಬ್ಯಾಟರಿ ಶಾರ್ಟ್ ಆಗದಂತೆ ಕಾಯುವುದು ಅದೇ.

ಸಿಂತ್‌ಗೆ ಹಾಕುವ ಮುಂಚೆ ಮೋನೋ ಜ್ಯಾಕ್‌ನಲ್ಲಿ ಮೀಟರ್ ಇಟ್ಟು ತುಳಿದು ನೋಡಿ. ಸರಿ ಇದ್ದರೆ ಮೋನೋ ಕೇಬಲ್‌ನಲ್ಲೇ ಜೋಡಿಸಿ, ಕಟ್‌ಆಫ್ ನಾಬ್ ಕೆಳಗಿಳಿಸಿ ತುಳಿಯಿರಿ. ನುಡಿಸಿ ಮುಗಿದ ಮೇಲೆ ಪೆಡಲ್ ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಖಾಲಿ.