‘ಮೈಯೆಲ್ಲ ಬ್ಯಾನಿ’ ಎಂದವರ ಮೂರು ನೋವುಗಳು

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ ಹೆಂಗಸರು ಆಪ್ತಸಲಹೆಗೆ ಬರುವುದು ಹೆಚ್ಚಾಗಿ ನಿದ್ದೆ ಇಲ್ಲ ಅಂತ. ಸ್ವಲ್ಪ ಹೊತ್ತು ಮಾತಾಡಿಸಿದರೆ ನಿದ್ದೆಗೆಡಿಸಿದ ನೋವು ಹೊರಗೆ ಬರುತ್ತದೆ: ಟೊಂಕ, ಪಕ್ಕೆಲುಬು, ತೊಡೆ, ಭುಜ. ಆ ನೋವಿನ ಹಿಂದೆ ಬಾಯಿಬಿಟ್ಟು ಕೇಳಲಾರದ ಒಂದೇ ಪ್ರಶ್ನೆ ಇರುತ್ತದೆ: ಕ್ಯಾನ್ಸರ್ ಮರಳಿ ಬಂತೇನು? ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಗಳಿಂದ ಇಂಥ ಪ್ರಕರಣ ಮೇಲಿಂದ ಮೇಲೆ ಬರುತ್ತಿರುವುದರಿಂದ ಒಂದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯವರು, ಐವತ್ತು ದಾಟಿದವರು, ಮುಟ್ಟು ನಿಂತು ವರ್ಷಗಳಾಗಿದ್ದವು. ಬಲಗಡೆ ಆಪರೇಷನ್, ಕೀಮೋ, ಆಮೇಲೆ ರೇಡಿಯೇಶನ್, ಎಲ್ಲ ಮುಗಿದು ಎರಡು ವರ್ಷದ ಮೇಲಾಗಿತ್ತು. ಕ್ಯಾನ್ಸರ್ ಮರಳದಿರಲೆಂದು ದಿನಕ್ಕೊಂದು ಲೆಟ್ರೋಜೋಲ್ 2.5 ಮಿಲಿಗ್ರಾಂ ಗುಳಿಗೆ ನಡೆದಿತ್ತು. ‘ಮೈಯೆಲ್ಲ ಬ್ಯಾನಿ’ ಎಂಬುದು ಅವರ ದೂರು. ಕರೆತಂದ ಮಗ ಕೂಡುವ ಮೊದಲೇ ಹೇಳಿದ: “ನೀವೊಂದ್ ಸಲ ಏನಿಲ್ಲ ಅಂತ ಹೇಳ್ಬಿಡ್ರಿ ಮೇಡಂ, ಅವ್ವ ನಿಮ್ಮ ಮಾತ ಕೇಳ್ತಾಳ.”

ಆ ಮಾತನ್ನು ನಾನು ಹೇಳಲಿಲ್ಲ. ಮಗನನ್ನು ಹೊರಗೆ ಕೂಡಿಸಿ, “ಎಲ್ಲೆಲ್ಲಿ ನೋಯ್ತದ ಅಂತ ಬಾಯಿಲೆ ಹೇಳಬ್ಯಾಡ್ರಿ, ಕೈ ಇಟ್ಟು ತೋರಿಸ್ರಿ” ಅಂದೆ.

ಮೊದಲು ಎರಡೂ ಅಂಗೈ ಚಾಚಿದರು. “ಮುಂಜಾನೆ ಎದ್ದಾಗ ಮುಟಗಿ ಕಟ್ಟಾಕ ಬರತಿದ್ದಿಲ್ರಿ. ರೊಟ್ಟಿ ಬಡೀಲಾಕ ಕುಂತ್ರ ಮೊದಲಿನ ಎರಡು ರೊಟ್ಟಿ ಹರದೇ ಹೋಗ್ತಿದ್ವು.” ಆಮೇಲೆ ಎರಡೂ ಮೊಣಕಾಲು. ಆಮೇಲೆ ಸೆರಗು ಸರಿಸಿ ಬಲ ಪಕ್ಕೆಲುಬು ತೋರಿಸಿದರು. ಗಾಯದ ಗುರುತಿನ ಕೆಳಗೆ ಹೆಬ್ಬೆರಳಿನಗಲ ಚರ್ಮ ಕಪ್ಪಿಟ್ಟಿತ್ತು. ಬಿದ್ದಿರೇನು ಎಂದು ಕೇಳಿದೆ. “ಇಲ್ರಿ. ರಾತ್ರಿ ಎಲ್ಲಾರೂ ಮಕ್ಕೊಂಡ ಮ್ಯಾಲ ಒತ್ತಿ ನೋಡ್ತೀನ್ರಿ, ಅದಾ ಹೋಗ್ಯಾದಾ ಅಂತ.” ಕೊನೆಗೆ ಕೈ ಬೆನ್ನ ಹಿಂದೆ ಹೋಯಿತು. ಟೊಂಕಕ್ಕಿಂತ ತುಸು ಮೇಲೆ, ನಡು ಬೆನ್ನೆಲುಬಿನ ಮೇಲೆ ಒಂದೇ ಬೆರಳು ಇಟ್ಟರು. ಬೆರಳು ಅತ್ತಿತ್ತ ಸರಿಯಲಿಲ್ಲ.

ಮುಂದೆ ಅವರು ಹೇಳಿದ್ದರಿಂದ ಪ್ರಕರಣವೇ ತಿರುಗಿತು. “ಆ ಗುಳಿಗಿ ಬಿಟ್ಟ ಮ್ಯಾಲ ಕೈ ಬ್ಯಾನಿ ಕಮ್ಮಿ ಆಗ್ಯಾದ. ಬೆನ್ನಿಂದು ಮಾತ್ರ ಹಂಗೇ ಅದ ನೋಡ್ರಿ.” ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತು. ಮಗ ತಪ್ಪದೆ ತಂದುಕೊಡುತ್ತಿದ್ದ ಗುಳಿಗೆ ಶೀಟುಗಳೆಲ್ಲ ತೊಗರಿಬೇಳೆ ಡಬ್ಬಿಯಲ್ಲಿ ಹುದುಗಿದ್ದವು. ಬಿಟ್ಟೆನೆಂದು ಹೇಳಿದರೆ ಮನೆಯಲ್ಲಿ ಬೈಯುತ್ತಾರೆ, ಬೆನ್ನು ನೋವೆಂದರೆ ಹೆದರುತ್ತಾರೆ, ಆದ್ದರಿಂದ ಎರಡನ್ನೂ ಒಳಗೇ ಇಟ್ಟುಕೊಂಡಿದ್ದರು.

ಈ ಮಾತಿಗೆ ಯಾಕಿಷ್ಟು ತೂಕ ಎಂದರೆ, ಅವರು ಒಂದೇ ಹೆಸರಿಟ್ಟು ಕರೆಯುತ್ತಿದ್ದದ್ದು ಮೂರು ಬೇರೆ ಬೇರೆ ನೋವುಗಳನ್ನು. ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಗುಳಿಗೆಗಳು ಮುಟ್ಟು ನಿಂತವರ ಮೈಯಲ್ಲಿ ಉಳಿದ ಅಷ್ಟಿಷ್ಟು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ತಯಾರಾಗುವುದನ್ನೂ ತಡೆಯುತ್ತವೆ. ಕ್ಯಾನ್ಸರಿಗೆ ಮೇವು ಸಿಗದಂತೆ ಮಾಡುವ ದಾರಿ ಅದು. ಆದರೆ ಕೀಲುಗಳಿಗೂ ಎಲುಬಿಗೂ ಬೇಕಾದ ಈಸ್ಟ್ರೋಜೆನ್ ಕೂಡ ಅದರ ಜೊತೆಗೇ ಹೋಗುತ್ತದೆ. ಈ ಗುಳಿಗೆ ನುಂಗುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ಕೀಲುನೋವು ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಶುರು ಮಾಡಿದ ಮೊದಲ ಕೆಲವು ತಿಂಗಳಲ್ಲೇ. ಎರಡೂ ಕೈ, ಎರಡೂ ಮೊಣಕಾಲು ಒಟ್ಟೊಟ್ಟಿಗೆ ಹಿಡಿಯುವುದು, ಬೆಳಿಗ್ಗೆ ಬಿಗಿತ ಇದ್ದು ಓಡಾಡಿದ ಮೇಲೆ ಸಡಿಲಾಗುವುದು ಅದರ ಲಕ್ಷಣ. ಗುಳಿಗೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಈ ತಾಯಿಯ ಕೈನೋವು ಅದೇ.

ಪಕ್ಕೆಲುಬಿನದು ಬೇರೆ. ರೇಡಿಯೇಶನ್ ಬಿದ್ದ ಜಾಗದ ಪಕ್ಕೆಲುಬು ವರ್ಷಗಟ್ಟಲೆ ನಾಜೂಕಾಗಿಯೇ ಇರುತ್ತದೆ, ಅಲ್ಲಿನ ಸ್ನಾಯು ಬಿಗಿದಿರುತ್ತದೆ. ಅದೇ ಜಾಗವನ್ನು ದಿನಾ ರಾತ್ರಿ ಹೆಬ್ಬೆರಳಿನಿಂದ ಒತ್ತಿದರೆ ಎಲುಬಿನ ಮೇಲಿನ ಪೊರೆ ಬಾವೇರಿ, ಇಲ್ಲದ ನೋವೂ ಬರುತ್ತದೆ. ಒತ್ತಿದಾಗ ನೋವು, ನೋವಿದೆ ಅಂತ ಭಯ, ಭಯಕ್ಕೆ ಮತ್ತೆ ಒತ್ತುವುದು. ಹೀಗೆ ಪಕ್ಕೆ ಕಪ್ಪಾದವರನ್ನು ಎಷ್ಟೋ ಸಲ ನೋಡಿದ್ದೇನೆ.

ಉಳಿದದ್ದು ಬೆನ್ನು. ಒಂದೇ ಜಾಗ, ಗುಳಿಗೆ ಬಿಟ್ಟರೂ ಇಳಿಯದ್ದು, ಮಲಗಿ ಮಗ್ಗಲು ಬದಲಿಸಿದಾಗ ಹೆಚ್ಚಾಗುವಂಥದ್ದು, ಎರಡು ತಿಂಗಳು ದಾಟಿದ್ದು. ಸ್ತನ ಕ್ಯಾನ್ಸರ್ ದೂರಕ್ಕೆ ಹರಡಿದರೆ ಎಲ್ಲಕ್ಕಿಂತ ಹೆಚ್ಚಾಗಿ ಸೇರುವುದು ಎಲುಬನ್ನೇ: ಬೆನ್ನೆಲುಬು, ಕಟಿ, ಪಕ್ಕೆಲುಬು, ತೊಡೆ ಮತ್ತು ತೋಳಿನ ಮೇಲ್ಭಾಗ. ಮೊಣಕೈ, ಮೊಣಕಾಲಿನಿಂದ ಕೆಳಗೆ ಅಪರೂಪ. ಹಾರ್ಮೋನಿನಿಂದ ಬೆಳೆಯುವ ಜಾತಿಯ ಕ್ಯಾನ್ಸರಾದರೆ ಐದು ವರ್ಷ ಕಳೆದ ಮೇಲೂ ಮರಳಬಹುದು. ಹೀಗಿರುವಾಗ ಬೆನ್ನು ಪರೀಕ್ಷೆ ಮಾಡಿಸದೆ ‘ಏನಿಲ್ಲ ಬಿಡ್ರಿ’ ಎನ್ನುವ ಹಕ್ಕು ನನಗೂ ಇಲ್ಲ, ಮಗನಿಗೂ ಇಲ್ಲ.

ಅವತ್ತು ಕೊಟ್ಟ ಸಲಹೆ ಹೀಗಿತ್ತು. ಬೆನ್ನಿನ ವಿಷಯ ಇದೇ ವಾರ ಕ್ಯಾನ್ಸರ್ ಡಾಕ್ಟರಿಗೆ ಹೇಳಬೇಕು, ಮುಂದಿನ ತಪಾಸಣೆಯ ತಾರೀಕಿಗೆ ಕಾಯಬಾರದು. ಗುಳಿಗೆ ಯಾವಾಗ ಬಿಟ್ಟದ್ದು, ಯಾಕೆ ಬಿಟ್ಟದ್ದು ಎಂಬುದನ್ನು ಮುಚ್ಚಿಡಬಾರದು. ಮತ್ತೆ ಶುರು ಮಾಡುವುದೋ ಬದಲಿಸುವುದೋ ಅವರೇ ಹೇಳಲಿ. ಬದಲಿಸಲು ದಾರಿಗಳಿವೆ, ಕೆಲವರಿಗೆ ಒಂದು ಗುಳಿಗೆ ಆಗದಿದ್ದರೆ ಅದೇ ಗುಂಪಿನ ಇನ್ನೊಂದು ಆಗುತ್ತದೆ. ಪರೀಕ್ಷೆ ಆಗುವತನಕ ಎಣ್ಣೆ ಹಚ್ಚಿ ತಿಕ್ಕಿಸುವುದು, ಎಲುಬು ಕೂಡಿಸುವವರ ಹತ್ತಿರ ಬೆನ್ನು ಎಳೆಸುವುದು ಬೇಡವೇ ಬೇಡ, ತುಂಬಿದ ಕೊಡ ಎತ್ತುವುದೂ ಬೇಡ. ಎಲುಬು ಯಾವ ಕಾರಣಕ್ಕೆ ಸಡಿಲಾಗಿದ್ದರೂ ಅಂಥ ಎಳೆತಕ್ಕೆ ಮುರಿಯಬಹುದು. ಪಕ್ಕೆಲುಬು ಒತ್ತುವುದು ಆ ರಾತ್ರಿಯಿಂದಲೇ ಬಂದ್. ಕೈ ತಾನಾಗೇ ಅಲ್ಲಿಗೆ ಹೋಗುತ್ತದೆ, ಹೋದಾಗ ಅಂಗೈ ಅಗಲಿಸಿ ಸುಮ್ಮನೆ ಇಡಿ, ಬೆರಳು ಊರಬೇಡಿ ಅಂದೆ.

ಡಾಕ್ಟರ ಮುಂದೆ ಮಾತು ಹೊರಡದು ಎಂದು ಅವರು ಹೆದರಿದ್ದರು. ಒಂದು ಚೀಟಿ ಬರೆಸಿದೆ: ‘ಟೊಂಕದ ಮೇಲೆ ಒಂದೇ ಕಡೆ ನೋವು, ಎರಡು ತಿಂಗಳು ದಾಟಿದೆ, ರಾತ್ರಿ ಹೆಚ್ಚು, ಲೆಟ್ರೋಜೋಲ್ ಬಿಟ್ಟಿದ್ದೇನೆ.’ ಇಷ್ಟೇ. ‘ಮೈಯೆಲ್ಲ ಬ್ಯಾನಿ’ ಎಂದರೆ ಗದ್ದಲದ ಓಪಿಡಿಯಲ್ಲಿ ನೋವಿನ ಗುಳಿಗೆ ಬರೆದು ಕಳಿಸುತ್ತಾರೆ. ಈ ಚೀಟಿ ಕೊಟ್ಟರೆ ಬೆನ್ನು ಮುಟ್ಟಿ ನೋಡುತ್ತಾರೆ.

ಮುಟ್ಟಿ ನೋಡಿದರು, ಬೆನ್ನೆಲುಬಿನ ಮೇಲೆ ಮೆಲ್ಲಗೆ ತಟ್ಟಿದರು. ರಕ್ತದಲ್ಲಿ ಕ್ಯಾಲ್ಸಿಯಂ, ಎಲುಬಿನ ಏರುಪೇರು ತಿಳಿಸುವ ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ನೋಡಿ ಎಕ್ಸ್‌ರೇ ತೆಗೆಸಿದರು, ಹೈದರಾಬಾದಿನಲ್ಲಿ ಇಡೀ ಮೈಯ ಎಲುಬು ತೋರಿಸುವ ಬೋನ್ ಸ್ಕ್ಯಾನ್ ಆಯಿತು. ಈ ಸ್ಕ್ಯಾನಿಗೆ ಮೊದಲು, ಎಲುಬು ಹೀರಿಕೊಳ್ಳುವ ಮದ್ದನ್ನು ಕೈ ನರಕ್ಕೆ ಸೂಜಿಯಲ್ಲಿ ಕೊಟ್ಟು ಮೂರು ತಾಸಿನಷ್ಟು ಕೂಡಿಸುತ್ತಾರೆ. ಆ ಹೊತ್ತಿನಲ್ಲಿ ನೀರು ಚೆನ್ನಾಗಿ ಕುಡಿದು, ಸ್ಕ್ಯಾನಿಗೆ ಮಲಗುವ ಮುನ್ನ ಮೂತ್ರ ಮಾಡಿ ಬರಬೇಕು, ಇಲ್ಲವಾದರೆ ಮೂತ್ರಚೀಲದಲ್ಲಿ ತುಂಬಿದ ಮದ್ದು ಕಟಿಯ ಎಲುಬನ್ನು ಮರೆಮಾಡುತ್ತದೆ. ಸ್ಕ್ಯಾನಿನಲ್ಲಿ ಒಂದು ಬೆನ್ನೆಲುಬಿನ ಮಣಿ ಹೊಳೆಯಿತು. ಹೊಳೆದದ್ದೆಲ್ಲ ಕ್ಯಾನ್ಸರಲ್ಲ. ಹಳೆಯ ಪೆಟ್ಟು, ಸವೆದ ಕೀಲು ಎಲ್ಲ ಅದರಲ್ಲಿ ಹೊಳೆಯುತ್ತವೆ, ಆದ್ದರಿಂದ ಆ ಜಾಗಕ್ಕೆ ಎಂಆರ್‌ಐ ಮಾಡಿದರು. ಎಲುಬು ತೆಳುವಾಗಿ ಮಣಿ ಕುಸಿದಿತ್ತು, ಕ್ಯಾನ್ಸರ್ ಇರಲಿಲ್ಲ. ತೊಗರಿ ರಾಶಿಯ ಕಾಲಕ್ಕೆ ಚೀಲ ಎತ್ತಿದ್ದು ಆಗ ನೆನಪಾಯಿತು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಸವೆತವನ್ನು ಖಚಿತಪಡಿಸಿತು. ಡಾಕ್ಟರು ಗುಳಿಗೆಯನ್ನು ಬೇರೆ ಗುಂಪಿನ, ಎಲುಬು ಸವೆಸದ ಟಮಾಕ್ಸಿಫೆನ್‌ಗೆ ಬದಲಿಸಿ, ಹಲ್ಲು ತೋರಿಸಿಕೊಂಡು ಬರಲು ಹೇಳಿ, ಎಲುಬಿಗೆ ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಶುರು ಮಾಡಿದರು. ಹುಳುಕು ಹಲ್ಲಿದ್ದು, ಡ್ರಿಪ್ ಆದ ಮೇಲೆ ಕೀಳಿಸಿದರೆ ದವಡೆ ಎಲುಬು ಮಾಯದೆ ಉಳಿಯುವ ಅಪಾಯವಿದೆ. ಹಲ್ಲಿನ ಕೆಲಸ ಮೊದಲು ಮುಗಿಸುವುದು ಅದಕ್ಕೇ. ಮೊದಲ ಡ್ರಿಪ್ಪಿನ ನಂತರ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದೆಂದು ಮುಂಚೆಯೇ ಹೇಳಿಟ್ಟಿದ್ದರಿಂದ ಅವರು ಗಾಬರಿಯಾಗಲಿಲ್ಲ.

ಕ್ಯಾನ್ಸರ್ ಅಲ್ಲವೆಂದು ಬಂದದ್ದಕ್ಕೇ ಸಲಹೆ ಸರಿಯಾಯಿತು ಎಂದು ನಾನು ಹೇಳುವುದಿಲ್ಲ. ಬೀದರ ಕಡೆಯ ಇನ್ನೊಬ್ಬರಿಗೆ ಇದೇ ಸಲಹೆ ಕೊಟ್ಟಾಗ ತೊಡೆಯ ಎಲುಬಿನಲ್ಲಿ ಕ್ಯಾನ್ಸರ್ ಸಿಕ್ಕಿತು. ಎಲುಬು ಮುರಿಯುವ ಮೊದಲೇ ಸಿಕ್ಕಿದ್ದರಿಂದ ನೋವಿಗೆ ರೇಡಿಯೇಶನ್ನೂ ಹೊಸ ಔಷಧವೂ ಶುರುವಾದವು, ಅವರು ಇವತ್ತಿಗೂ ತಮ್ಮ ಕಾಲ ಮೇಲೆ ನಡೆಯುತ್ತಾರೆ. ಎಲುಬಿಗೆ ಹರಡಿದ ರೋಗ ಪೂರ್ತಿ ವಾಸಿಯಾಗುವುದು ಅಪರೂಪ, ಆದರೆ ವರ್ಷಗಟ್ಟಲೆ ಹತೋಟಿಯಲ್ಲಿಟ್ಟು ಬದುಕುವವರು ಬಹಳ ಮಂದಿ.

ಹೀಗೆ ಪರೀಕ್ಷೆಗೆ ಕಳಿಸಿ ಹೆಂಗಸರನ್ನು ಹೆದರಿಸುತ್ತೀರಿ ಎಂಬ ಆಕ್ಷೇಪ ಮನೆಯವರಿಂದಲೂ ಬಂದಿದೆ, ಕೆಲವು ಡಾಕ್ಟರರಿಂದಲೂ ಬಂದಿದೆ. ರಾತ್ರಿ ಎದ್ದು ಕತ್ತಲಲ್ಲಿ ಪಕ್ಕೆ ಒತ್ತಿಕೊಳ್ಳುವವರಿಗೆ ಭಯವನ್ನು ನಾನು ಹೊಸದಾಗಿ ಕೊಡಬೇಕಿಲ್ಲ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಆರು ತಿಂಗಳಿಗೊಮ್ಮೆ ಎಲ್ಲರಿಗೂ ಸ್ಕ್ಯಾನ್ ಯಾಕೆ ಮಾಡಬಾರದು ಎನ್ನುತ್ತಾರೆ. 1994ರಲ್ಲಿ ಇಟಲಿಯಿಂದ ಎರಡು ದೊಡ್ಡ ಅಧ್ಯಯನಗಳು ಬಂದವು, ಎರಡೂ ಸೇರಿ ಎರಡೂವರೆ ಸಾವಿರಕ್ಕೂ ಹೆಚ್ಚು ಹೆಂಗಸರು. ಯಾವ ತೊಂದರೆ ಇಲ್ಲದಿದ್ದರೂ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸಿದವರ ಆಯುಷ್ಯ ಮಾಡಿಸದವರಿಗಿಂತ ಹೆಚ್ಚಲಿಲ್ಲ. ಇವತ್ತಿಗೂ ಪದ್ಧತಿ ಅದೇ: ನೋವು ಕೇಳಿದರೆ ಸ್ಕ್ಯಾನ್, ಭಯ ಕೇಳಿದರೆ ಅಲ್ಲ.

ಹೊಸ ನೋವು ಬಂದವರು ಒಂದು ನೋಟ್‌ಬುಕ್ಕಿನಲ್ಲಿ ಎರಡು ವಾರ ಬರೆಯಿರಿ: ಜಾಗ, ಹೊತ್ತು, ಏನು ಮಾಡುವಾಗ ಬಂತು, ಸಣ್ಣದೋ ನಡುವಿನದೋ ದೊಡ್ಡದೋ. ಬರೆಯಲು ಬಾರದವರಿಗೆ ಮೊಮ್ಮಕ್ಕಳು ಬರೆದುಕೊಡಲಿ. ದಿನಕ್ಕೊಂದೇ ಸಲ, ಸಂಜೆ. ಗಳಿಗೆಗೊಮ್ಮೆ ಬರೆದರೆ ಅದೂ ಒತ್ತಿ ನೋಡಿದಂತೆಯೇ. ಎರಡು ವಾರದಲ್ಲಿ ಇಳಿಯದಿದ್ದರೆ, ಅಥವಾ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದಕ್ಕೂ ಮೊದಲೇ, ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ. ಎಕ್ಸ್‌ರೇ ಸರಿ ಇದೆ ಅಂದರೂ ನೋವು ಉಳಿದರೆ ಮತ್ತೆ ಕೇಳಿ. ಎಲುಬು ಸಾಕಷ್ಟು ಸವೆಯುವತನಕ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ.

ಎರಡು ವಾರದ ಈ ಲೆಕ್ಕ ಕೆಲವಕ್ಕೆ ಹೊಂದುವುದಿಲ್ಲ. ಬೆನ್ನು ನೋವಿನ ಜೊತೆ ಕಾಲು ಸೋಲುವುದು, ಜೋಮು ಹಿಡಿಯುವುದು, ಎದೆ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂಥ ನೋವು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು ಇದ್ದರೆ ಬೆನ್ನಹುರಿಯ ಮೇಲೆ ಒತ್ತಡ ಬೀಳುತ್ತಿರಬಹುದು. ಕಾಲಿನ ಶಕ್ತಿ ಪೂರ್ತಿ ಹೋದ ಮೇಲೆ ಮರಳುವುದು ಕಷ್ಟ. ವಿಪರೀತ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಮಲಬದ್ಧತೆ, ಮಂಕು ಕವಿದು ತಪ್ಪು ತಪ್ಪು ಮಾತಾಡುವುದು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರ ಗುರುತಾಗಿರಬಹುದು. ಇಂಥವಕ್ಕೆ ಅದೇ ದಿನ, ರಾತ್ರಿಯಾದರೆ ಅದೇ ರಾತ್ರಿ, 108ಕ್ಕೆ ಫೋನ್ ಮಾಡಿ ಜಿಲ್ಲಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು. ಕ್ಯಾನ್ಸರ್ ಫೈಲು, ನುಂಗುತ್ತಿರುವ ಗುಳಿಗೆಗಳ ಚೀಟಿ, ರೇಷನ್ ಕಾರ್ಡು, ಆಧಾರ್ ಒಂದೇ ಚೀಲದಲ್ಲಿರಲಿ. ಬಾಗಿಲಲ್ಲಿ ಸಿಕ್ಕ ಮೊದಲ ಡಾಕ್ಟರಿಗೆ ಬೆನ್ನು ನೋವೆಂದಷ್ಟೇ ಹೇಳಬೇಡಿ. ಸ್ತನ ಕ್ಯಾನ್ಸರ್ ಆಗಿತ್ತು, ಯಾವ ವರ್ಷ ಆಪರೇಷನ್ ಆಯಿತು, ಕಾಲು ಯಾವತ್ತಿನಿಂದ ಸೋಲುತ್ತಿದೆ, ಈ ಮೂರನ್ನು ಮೊದಲು ಹೇಳಿ.