ಮೂರು ತರಗತಿ ಮಕ್ಕಳು ಒಂದೇ ಕೊಠಡಿಯಲ್ಲಿ ವಾರಪೂರ್ತಿ ಏನು ಕಲಿಯುತ್ತಾರೆ?

ಮಗಳನ್ನು ಊರಿನ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿಸಿದ್ದೀರಿ. ಮೂರು ತರಗತಿಯವರೂ ಒಂದೇ ಕೊಠಡಿಯಲ್ಲಿ ಕೂರುತ್ತಾರೆ, ದಸರಾ ರಜೆ ಮುಗಿದರೂ ಅ ಆ ಇ ಈ ಹೇಳಿಕೊಟ್ಟಿಲ್ಲ, ಹಾಗಾದರೆ ವಾರಪೂರ್ತಿ ಏನು ಮಾಡಿಸುತ್ತಾರೆ ಅಂತ ಕೇಳಿದ್ದೀರಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಈ ಪದ್ಧತಿಗೆ ನಲಿಕಲಿ ಅಂತಾರೆ. ನಾನು ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ನಲಿಕಲಿ ಶಿಕ್ಷಕಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮ ಶಾಲೆಯಲ್ಲೂ ಪ್ರತಿ ವರ್ಷ ಯಾರಾದರೂ ಅಪ್ಪ ಅಮ್ಮ ಇದನ್ನೇ ಕೇಳುತ್ತಾರೆ.

ಮೊದಲು ಅಕ್ಷರದ ವಿಷಯ ಹೇಳಿಬಿಡುತ್ತೇನೆ. ನಲಿಕಲಿಯಲ್ಲಿ ಅ ಆ ಇ ಈ ಕ್ರಮ ಇಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ವರ್ಣಮಾಲೆ ಪೂರ್ತಿ ಬಾಯಿಪಾಠ ಮಾಡಿದ ಮಗುವಿಗೂ ಒಂದು ಪದ ಓದಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಇಲ್ಲಿ ಐದೇ ಅಕ್ಷರ ಬಂದರೆ ಸಾಕು, ಸರ, ರಸ, ಅರಸ, ಅಗಸ, ದಸರ ಎಲ್ಲ ಓದಬಹುದು. ಹೋದ ವಾರ ಬಡಗಿಯೊಬ್ಬರ ಮಗಳು ಕಾರ್ಡಿನ ಮೇಲೆ ಬೆರಳಿಟ್ಟು 'ಗ... ರ... ಗ... ಸ' ಅಂದಳು. ಒಂದು ಕ್ಷಣ ಸುಮ್ಮನಾದಳು. ಆಮೇಲೆ ಎದ್ದು ನಿಂತು, 'ಮಿಸ್, ಗರಗಸ! ನಮ್ಮಪ್ಪನ ಹತ್ರ ಐತೆ!' ಅಂತ ಕೂಗಿದಳು. ಅವಳು ಓದಿದ ಮೊದಲ ಪದ ಅದು. ನಾಲ್ಕು ದಿನ ಅದನ್ನೇ ಗೋಡೆ ಹಲಗೆಯ ಮೇಲೆ ಬರೆದಳು.

ಇನ್ನು ವಾರದ ವಿಷಯ. ದಿನಾ ಬೆಳಿಗ್ಗೆ ಪ್ರಾರ್ಥನೆ, ಬಿಸಿ ಹಾಲು, ಆಮೇಲೆ ಹವಾಮಾನ ನಕ್ಷೆ. ಒಂದು ಮಗು ಹೊರಗೆ ಹೋಗಿ ಆಕಾಶ ನೋಡಿ ಬಂದು ಬಿಸಿಲೋ ಮೋಡವೋ ಅಂತ ಗುರುತು ಹಾಕುತ್ತದೆ. ಒಂದು ಹಾಡು ಹೇಳಿ, ಎಲ್ಲರೂ ಕಲಿಕಾ ಏಣಿಯ ಹತ್ತಿರ ಹೋಗುತ್ತಾರೆ. ಈ ಏಣಿಯೇ ನಮ್ಮ ಕೊಠಡಿಯ ಜೀವ. ಕಲಿಯಬೇಕಾದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲು ಮಾಡಿ ಚಿತ್ರಗಳಲ್ಲಿ ತೋರಿಸಿರುತ್ತಾರೆ. ಮಗು ತಾನು ನಿನ್ನೆ ಎಲ್ಲಿ ನಿಲ್ಲಿಸಿತ್ತು ಅಂತ ನೋಡಿ, ಮುಂದಿನ ಚಿತ್ರದ ಕಾರ್ಡ್ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಗುಂಪಿಗೆ ನಾವು ತಟ್ಟೆ ಅಂತೀವಿ. ಹೊಸ ಪಾಠ ಇರುವವರು ನನ್ನ ಪಕ್ಕದ ತಟ್ಟೆಯಲ್ಲಿ, ಅಭ್ಯಾಸ ಮಾಡುವವರು ಗೆಳೆಯರ ಸಹಾಯದ ತಟ್ಟೆಯಲ್ಲಿ, ತಾನೇ ಮಾಡಬಲ್ಲವರು ಸ್ವಕಲಿಕೆ ತಟ್ಟೆಯಲ್ಲಿ. ಹೊರಗಿನಿಂದ ನೋಡಿದವರಿಗೆ ಇದೊಂದು ಗಲಾಟೆ. ಆದರೆ ಅಲ್ಲಿ ಪ್ರತಿ ಮಗುವಿಗೂ ತನ್ನ ಕೆಲಸ ಏನು ಅಂತ ಗೊತ್ತಿರುತ್ತದೆ.

ನಮ್ಮ ಕಡೆ ಕುರಿ ಕಾಯುವವರ ಮಕ್ಕಳು ಅಪ್ಪ ಅಮ್ಮನ ಜೊತೆ ಹದಿನೈದು ದಿನ ಹೋಗಿಬಿಡುತ್ತಾರೆ. ವಾಪಸ್ ಬಂದಾಗ 'ಪಾಠ ಮುಂದೆ ಹೋಯ್ತು' ಅನ್ನುವ ಮಾತೇ ಇಲ್ಲ. ಬಿಟ್ಟ ಮೆಟ್ಟಿಲಿಂದಲೇ ಶುರು. ಈ ಒಂದು ಕಾರಣಕ್ಕೇ ನನಗೆ ಈ ಪದ್ಧತಿ ಇಷ್ಟ. ಇದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಕಾರ್ಡುಗಳಿಂದ ಕಲಿಯುವ ಹಳ್ಳಿ ಶಾಲೆಗಳನ್ನು ನೋಡಿ ಬಂದು ನಮ್ಮ ಮಕ್ಕಳಿಗೆ ಹೊಂದಿಸಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ಗಣಿತಕ್ಕೆ ಹುಣಸೆ ಬೀಜ, ಪೊರಕೆ ಕಡ್ಡಿ ಬೇಕೇ ಬೇಕು. ಬುಧವಾರ ಎರಡನೇ ತರಗತಿ ಹುಡುಗನೊಬ್ಬ 27ಕ್ಕೆ 15 ಕೂಡಿಸಿ ಸ್ಲೇಟಿನಲ್ಲಿ 312 ಅಂತ ಬರೆದಿದ್ದ. ಏಳು ಐದು ಹನ್ನೆರಡು, ಎರಡು ಒಂದು ಮೂರು, ಅವನ ಲೆಕ್ಕ ಅದು. ನಾನು ಅಳಿಸಲಿಲ್ಲ. ಹತ್ತತ್ತರ ಕಟ್ಟು, ಬಿಡಿ ಕಡ್ಡಿ ಕೈಗೆ ಕೊಟ್ಟೆ. ಬಿಡಿ ಕಡ್ಡಿ ಎಣಿಸಿದ, ಹನ್ನೆರಡು. ಸ್ವಲ್ಪ ಹೊತ್ತು ನೋಡಿ, 'ಇನ್ನೊಂದು ಕಟ್ಟು ಆಗುತ್ತೆ ಮಿಸ್' ಅಂದ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ. ನಾಲ್ಕು ಕಟ್ಟು, ಎರಡು ಬಿಡಿ. ಸ್ಲೇಟನ್ನು ತಾನೇ ಒರೆಸಿಕೊಂಡ.

ಗುರುವಾರ ಪರಿಸರ ಅಧ್ಯಯನ ಅಂತ ಕೆರೆ ಏರಿವರೆಗೆ ಹೋಗಿ ಎಲೆ ಆರಿಸಿ ತಂದೆವು. ಇಂಗ್ಲಿಷ್ ಸದ್ಯಕ್ಕೆ ಹಾಡು, ಮಾತು ಅಷ್ಟೇ. ಬಿಡಿಸಿದ ಚಿತ್ರಗಳನ್ನೆಲ್ಲ ಶುಕ್ರವಾರ ತಲೆ ಮೇಲಿನ ಚಪ್ಪರಕ್ಕೆ ನೇತು ಹಾಕುತ್ತೇವೆ. ಶನಿವಾರ ಬೆಳಗಿನ ಶಾಲೆ, ಕವಾಯತು, ಕಥೆ. ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲ, ಅದು ಸಂಭ್ರಮ ಶನಿವಾರ.

ಕಷ್ಟ ಇಲ್ಲ ಅಂತ ಹೇಳಲ್ಲ. ಮೂವತ್ತು ಮಕ್ಕಳಿಗೆ ಒಬ್ಬರೇ ಇದ್ದು, ಆ ಒಬ್ಬರೂ ತರಬೇತಿ, ಸಮೀಕ್ಷೆ ಅಂತ ಹೋದರೆ ತಟ್ಟೆಗಳು ಚದುರಿಹೋಗುತ್ತವೆ. ಒಂದು ವರ್ಷ ನನಗೆ ಹಾಗೇ ಆಯಿತು. ಏಣಿಯಲ್ಲಿ ಮಕ್ಕಳು ನಿಂತಲ್ಲೇ ನಿಂತರು, ಸರಿಮಾಡಲು ಮಾರ್ಚ್‌ವರೆಗೆ ಬೇಕಾಯಿತು. ಅದಕ್ಕೇ ನೀವು ಸುಮ್ನೆ ನಂಬಿ ಕೂರಬೇಡಿ. ಒಂದು ಶನಿವಾರ ಶಾಲೆಗೆ ಹೋಗಿ, ಪ್ರಗತಿ ನೋಟದಲ್ಲಿ, ಅಂದರೆ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಗುರುತು ಹಾಕುವ ಪಟ್ಟಿಯಲ್ಲಿ, ಮಗಳ ಹೆಸರಿನ ಮುಂದೆ ಗುರುತು ಎಲ್ಲಿಗೆ ಬಂದಿದೆ ನೋಡಿ. ತಿಂಗಳು ಬಿಟ್ಟು ಮತ್ತೆ ನೋಡಿ. ಪಕ್ಕದ ಮನೆ ಮಗುವಿನ ಗುರುತಿನ ಜೊತೆ ಹೋಲಿಸಬೇಡಿ. ಮನೆಯಲ್ಲಿ 'ಇವತ್ತು ಯಾವ ತಟ್ಟೆಯಲ್ಲಿ ಕೂತಿದ್ದೆ?' ಅಂತ ಕೇಳಿ. ರೊಟ್ಟಿ ತಟ್ಟುವಾಗ ಹಿಟ್ಟಿನ ಮೇಲೆ ರ, ಗ, ಸ ಬರೆಯಲು ಬಿಡಿ. ಅ ಆ ಇ ಈ ಮಾಲೆ ಆಮೇಲೆ ಬಂದೇ ಬರುತ್ತದೆ, ಅಷ್ಟರಲ್ಲಿ ಅವಳು ಬಸ್ಸಿನ ಬೋರ್ಡು ಓದುತ್ತಿರುತ್ತಾಳೆ.