ಹೊಡೆಯೋರು ಯಾರು?

ಹಿರಿಯೂರಿನ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ನೀವು ಹೊಗಳಿದ್ದಿರಿ ಅಂತ ಆ ಹಿರಿಯ ಹಾಸ್ಯನಟರು ಬಂದಿದ್ದ ಮಧ್ಯಾಹ್ನದ ಟಿವಿ ಹರಟೆಯನ್ನು ಊಟ ಬಿಟ್ಟು ನೋಡಿದೆ. ಒಂದು ಸಲವೂ ನಗು ಬರಲಿಲ್ಲ. ಬಿದ್ದು ತೋರಿಸಿ ಅಂದರೆ ಅದನ್ನೂ ಮಾಡಲಿಲ್ಲ. ಅಷ್ಟಕ್ಕೂ ಏಟು ತಿಂದು ಬೀಳೋದರಲ್ಲಿ ಏನು ಕಲೆ ಇದೆ ಸ್ವಾಮಿ?"

ಊಟ ತಪ್ಪಿಸಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ನಾನು ಅದನ್ನು ರಾತ್ರಿ ಮೊಬೈಲಿನಲ್ಲಿ ನೋಡಿದೆ, ಮಂಡಕ್ಕಿ ಮೆಣಸಿನಕಾಯಿ ಜೊತೆ. ಕಾರ್ಯಕ್ರಮ ಸಪ್ಪೆಯಾಗಿತ್ತು, ಒಪ್ಪಿದೆ. ಹೂತುಹೋಗುವಂಥ ಸೋಫಾ, ಖಾಲಿ ಕಾಫಿ ಕಪ್ಪು, ಬಾಲ್ಯದ ಬಡತನದ ಬಗ್ಗೆಯೇ ಪ್ರಶ್ನೆ. ಹಾಸ್ಯನಟ ಕೈಗೆ ಸಿಕ್ಕರೆ ಅಳಿಸದೆ ಕಳಿಸಬಾರದು ಅಂತ ಮಧ್ಯಾಹ್ನದ ಟಿವಿಯವರಿಗೆ ಅದೇನು ಹಟವೋ.

ಆದರೆ ಒಂದು ಜಾಗ ನಿಮ್ಮ ಕಣ್ಣು ತಪ್ಪಿಸಿದೆ. "ಒಂದೇ ಒಂದ್ಸಲ ಬಿದ್ದು ತೋರಿಸಿ ಸರ್" ಅಂತ ನಿರೂಪಕಿ ಕೇಳಿದಾಗ ಅವರು ಎದ್ದರು. ಚಪ್ಪಲಿ ಬಿಟ್ಟರು. ಕಾಲಿನ ಹೆಬ್ಬೆರಳಿನಿಂದ ನೆಲ ಉಜ್ಜಿ ನೋಡಿದರು. ಆಮೇಲೆ ಸುತ್ತ ಕಣ್ಣಾಡಿಸಿ, "ಹೊಡೆಯೋರು ಯಾರು?" ಅಂದರು. ನಿರೂಪಕಿ ನಕ್ಕರು, ಜಾಹೀರಾತು ಬಂತು. ಜಾಹೀರಾತು ಮುಗಿದಾಗ ಅವರು ಮತ್ತೆ ಸೋಫಾದಲ್ಲಿದ್ದರು.

ಅವರು ತಮಾಷೆಗೆ ಕೇಳಿದ್ದಲ್ಲ. ಮೇಸ್ತ್ರಿ ಬಂದವನೇ ಮರಳು ಎಲ್ಲಿ ಅಂತ ಕೇಳಿದ ಹಾಗೆ ಅದು.

ದಾವಣಗೆರೆಯವನಾದ ನನಗೆ ಇದು ಗೊತ್ತಾಗಿದ್ದು ದುಗ್ಗಮ್ಮನ ಜಾತ್ರೆಗೆ ಬಂದ ನಾಟಕ ಕಂಪನಿಯ ಟೆಂಟಿನಲ್ಲಿ. ಚಿಂದೋಡಿ ಮನೆತನದ ಕಂಪನಿಯ ಊರು ನಮ್ಮದು, ನಾಟಕದ ಹುಚ್ಚು ಸ್ವಲ್ಪ ಜಾಸ್ತಿ. ಹುಡುಗನಾಗಿದ್ದಾಗ ಒಂದು ಸಂಜೆ ಆಟಕ್ಕೆ ಮುಂಚೆ ಒಳಗೆ ನುಸುಳಿದ್ದೆ. ಹಾಸ್ಯ ಪಾತ್ರದವರು ಬರಿಗಾಲಲ್ಲಿ ಹಲಗೆ ಹಲಗೆ ತುಳಿಯುತ್ತಾ ಮೊಳೆ ಹುಡುಕುತ್ತಿದ್ದರು. ಒಂದು ಸಿಕ್ಕಿತು. ಕಲ್ಲಿನಿಂದ ಕುಟ್ಟಿ ಕೂರಿಸಿದರು. ಆಟದಲ್ಲಿ ಮಾವನ ಪಾತ್ರದವರು ಕೆನ್ನೆಗೆ ಬಾರಿಸಿದಾಗ ನಾನು ಬೆಚ್ಚಿಬಿದ್ದೆ. ಮರುದಿನ ಮತ್ತೆ ಹೋಗಿ ನೋಡಿದರೆ, ಕೈ ಕೆನ್ನೆ ಮುಟ್ಟಿರಲೇ ಇಲ್ಲ! ಸದ್ದು ಬಂದದ್ದು ತಬಲಾದಿಂದ. ಮಾವನ ಭುಜ ಎದ್ದ ತಕ್ಷಣ ತಬಲಾದವರ ಬೆರಳೂ ಏಳುತ್ತಿತ್ತು. ಅಂದರೆ ಆ ಒಂದು ಏಟಿಗೆ ಮೂರು ಜನ ಬೇಕು. ಒಬ್ಬರು ಅರೆಕ್ಷಣ ತಡ ಮಾಡಿದರೂ ಜನ ನಗೋದಿಲ್ಲ, ಅಯ್ಯೋ ಪಾಪ ಅಂತಾರೆ.

ಸ್ಲ್ಯಾಪ್‌ಸ್ಟಿಕ್ ಅನ್ನೋ ಪದ, ಅಂದರೆ ಹೀಗೆ ಏಟು ತಿಂದು ಬಿದ್ದು ನಗಿಸೋ ಹಾಸ್ಯದ ಹೆಸರು, ಹುಟ್ಟಿದ್ದೂ ಇಂಥ ಸದ್ದಿನಿಂದಲೇ. ಇಟಲಿಯ ಹಳೆಯ ಹಾಸ್ಯ ನಾಟಕಗಳಲ್ಲಿ ಎರಡು ಪಟ್ಟಿ ಜೋಡಿಸಿದ ಮರದ ಕೋಲು ಇರುತ್ತಿತ್ತು. ಮೆಲ್ಲಗೆ ತಾಗಿಸಿದರೂ ಪಟ್ ಅಂತ ಜೋರು ಸದ್ದು, ನೋವು ಮಾತ್ರ ಕಮ್ಮಿ.

ಯಾರು ಬೇಕಾದರೂ ಬೀಳಬಹುದಲ್ವಾ ಅನ್ನೋದು ನಿಮ್ಮ ಪ್ರಶ್ನೆಯ ಒಳಮಾತು. ಅಮೆರಿಕದ ಮೂಕಿ ಸಿನಿಮಾಗಳ ಹಾಸ್ಯನಟ ಬಸ್ಟರ್ ಕೀಟನ್ ಹುಟ್ಟಿದ್ದು 1895ರಲ್ಲಿ. ಅಪ್ಪ ಅಮ್ಮ ರಂಗದ ಮೇಲೆ ಆಡುತ್ತಿದ್ದ ಆಟದಲ್ಲಿ ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪ ಅವನನ್ನು ಎತ್ತಿ ಎಸೆಯುತ್ತಿದ್ದ. ಎಸೆಯೋಕೆ ಅನುಕೂಲ ಅಂತ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಹಿಡಿ ಹೊಲಿದಿದ್ದರು! ಅಷ್ಟು ಪಳಗಿದವನಿಗೂ 1924ರಲ್ಲಿ ಚಿತ್ರೀಕರಣದಲ್ಲಿ ರೈಲಿಗೆ ನೀರು ತುಂಬೋ ಟ್ಯಾಂಕಿನ ನೀರು ರಭಸದಿಂದ ಹೊಡೆದು, ಕತ್ತು ಹಳಿಗೆ ಬಡಿಯಿತು. ಮೂಳೆ ಮುರಿದಿತ್ತು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಎಕ್ಸ್‌ರೇ ತೆಗೆದಾಗ.

ನಮ್ಮಲ್ಲೂ ಇದನ್ನು ಅಗ್ಗದ ಕೆಲಸ ಅಂತ ಯಾರೂ ಬಿಟ್ಟಿರಲಿಲ್ಲ. ಗುಬ್ಬಿ ವೀರಣ್ಣನವರು ಕಂಪನಿಯ ಯಜಮಾನರು, ಆದರೂ ಹೆಸರಾದದ್ದು ಹಾಸ್ಯ ಪಾತ್ರಕ್ಕೆ. ತಿಪಟೂರಿನ ನರಸಿಂಹರಾಜು ಸಿನಿಮಾಕ್ಕೆ ಬರೋ ಮುಂಚೆ ಇಂಥ ಹಲಗೆಗಳ ಮೇಲೇ ಪಳಗಿದವರು.

ಈಗ ಆ ಸೋಫಾ ನೆನಪಿಸಿಕೊಳ್ಳಿ. ನುಣ್ಣಗಿನ ಟೈಲ್ಸ್ ನೆಲ. ಹೊಡೆಯೋರಿಲ್ಲ, ತಬಲಾ ಇಲ್ಲ. ಎಪ್ಪತ್ತು ದಾಟಿದ ಸೊಂಟ ಬೇರೆ. ಬಿದ್ದಿದ್ದರೆ ನೀವು ಖಂಡಿತ ನಗುತ್ತಿರಲಿಲ್ಲ, ನಾನೂ ಅಷ್ಟೇ.

ಅವರು ಯಾಕೆ ಹೋದರು ಅಂದರೆ, ಕರೆದರು, ಹೋದರು. ಈಗ ಕರೆಯೋರೇ ಕಮ್ಮಿ.

ಹಿರಿಯೂರಿನಿಂದ ದಾವಣಗೆರೆ ದೂರವೇನಲ್ಲ. ಮುಂದಿನ ಜಾತ್ರೆಗೆ ಕಂಪನಿ ಬಂದಾಗ ಒಂದು ಕಾರ್ಡು ಹಾಕುತ್ತೇನೆ. ಈ ಸಲ ಊಟ ಮಾಡಿಕೊಂಡೇ ಬನ್ನಿ. ಮುಂದಿನ ಸಾಲಿನಲ್ಲಿ, ತಬಲಾದವರ ಪಕ್ಕಕ್ಕೆ ಜಾಗ ಹಿಡಿಯೋಣ.